ಕಾಸಿನ ಮೇಲೆ ಮೈಸೂರು ಆನೆ

ಮೈಸೂರಿನವರಿಗೆ ನಜರ್‌ಬಾದ್ ಎಂದರೆ ಅರಮನೆಯ ಪೂರ್ವಕ್ಕಿರುವ ಒಂದು ಬಡಾವಣೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಅದು ಒಂದು ಹೊಸ ಕೋಟೆಯ ಹೆಸರು. ಟಿಪ್ಪು ಸುಲ್ತಾನ್ ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದೇ ಕಲ್ಲುಗಳಿಂದ ಪಕ್ಕದ ದಿಣ್ಣೆಯ ಮೇಲೆ ಇನ್ನೊಂದು ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕಲ್ಲುಗಳು ಗಾಡಿಯೇರಿ ಮತ್ತೆ ಹಳೆಯ ಜಾಗಕ್ಕೆ ಬಂದವು. ಕೋಟೆ ನಿಲ್ಲಲಿಲ್ಲ, ಹೆಸರು ನಿಂತಿತು. ಆ ಹೆಸರು ಇನ್ನೊಂದು ಕಡೆಯೂ ಉಳಿದಿದೆ. ಟಿಪ್ಪುವಿನ ಕೆಲವು ತಾಮ್ರದ ಕಾಸುಗಳ ಮೇಲೆ ಟಂಕಸಾಲೆಯ ಊರು ‘ನಜರ್‌ಬಾರ್’ ಎಂದು ಪಾರ್ಸಿ ಅಕ್ಷರದಲ್ಲಿದೆ. ಅದು ಮೈಸೂರೇ. ಅಂಥ ಕಾಸನ್ನು ತಿರುಗಿಸಿದರೆ ಇನ್ನೊಂದು ಮೈಯಲ್ಲಿ ಕಾಣುವುದು ಆನೆ.

ನಾಣ್ಯ ಸಂಗ್ರಹದಲ್ಲಿ ಪ್ರಾಣಿಗಳ ನಾಣ್ಯಗಳನ್ನು ಮಾತ್ರ ಹುಡುಕಿ ಕೂಡಿಸುವ ಒಂದು ಪ್ರತ್ಯೇಕ ಹಾದಿ ಇದೆ. ಯುರೋಪು, ಅಮೆರಿಕಗಳ ಸಂಗ್ರಾಹಕರಲ್ಲಿ ಈ ಹಾದಿ ಹಿಡಿದವರಿಗೆ ಪ್ರಾಚೀನ ರೋಮ್ ದೊಡ್ಡ ಗಣಿ. ಮೈಸೂರಿನ ಸಂಗ್ರಾಹಕನಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಆದರೆ ರೋಮಿನ ನಾಣ್ಯಗಳನ್ನು ಒಮ್ಮೆ ನೋಡಿ ಬಂದರೆ ನಮ್ಮ ಆನೆ ಕಾಸಿನ ವಿಶೇಷ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ರೋಮಿನ ನಾಣ್ಯಗಳಲ್ಲಿ ಬಹಳ ಹೆಸರಾದ ಪ್ರಾಣಿಯೂ ಆನೆಯೇ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ರೋಮಿನ ಮೇಲೆ ತಿರುಗಿಬಿದ್ದ. ಅವನ ಸೈನಿಕರಿಗೆ ಸಂಬಳ ಕೊಡಬೇಕಿತ್ತು. ಆಗ ರಾಶಿರಾಶಿಯಾಗಿ ಅಚ್ಚಾದ ಬೆಳ್ಳಿಯ ದಿನಾರಿಯಸ್‌ಗಳ ಮೇಲೆ ಒಂದು ಆನೆ ನಡೆಯುತ್ತಿದೆ. ಅದರ ಕಾಲಡಿ ಹಾವಿನಂಥದ್ದೊಂದು ಸಿಕ್ಕಿದೆ. ಕೆಲವು ವಿದ್ವಾಂಸರು ಅದನ್ನು ಗಾಲ್ ಯೋಧರ ಕಹಳೆ ಎನ್ನುತ್ತಾರೆ. ಆನೆಯ ಕೆಳಗೆ ಇರುವುದು ‘ಸೀಸರ್’ ಎಂಬ ಒಂದೇ ಮಾತು. ಓದಲು ಬಾರದ ಸೈನಿಕನಿಗೂ ಆ ಚಿತ್ರ ಅರ್ಥವಾಗುತ್ತಿತ್ತು. ಅವನ ನಂತರ ಬಂದ ಆಗಸ್ಟಸ್ ಈಜಿಪ್ಟನ್ನು ಗೆದ್ದಾಗ ನಾಣ್ಯದ ಮೇಲೆ ಒಂದು ಮೊಸಳೆಯನ್ನು ಹಾಕಿಸಿ, ‘ಈಜಿಪ್ಟ್ ವಶವಾಯಿತು’ ಎಂದು ಬರೆಸಿದ. ಒಂದು ದೇಶದ ಸೋಲನ್ನು ಹೇಳಲು ಒಂದು ಪ್ರಾಣಿ ಸಾಕಾಯಿತು.

ಮುಂದೆ ರೋಮಿನ ನಾಣ್ಯಗಳಿಗೆ ಪ್ರಾಣಿಗಳು ಬಂದದ್ದು ಬಹುಮಟ್ಟಿಗೆ ರಂಗಸ್ಥಳದಿಂದ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೋಸಿಯಂ ತೆರೆದಾಗ ನೂರು ದಿನದ ಆಟಗಳು ನಡೆದವು. ಆ ವರ್ಷದ ಬೆಳ್ಳಿ ನಾಣ್ಯದ ಮೇಲೆ ಆನೆ ಬಂತು. ಅವನ ತಮ್ಮ ಡೊಮಿಷಿಯನ್ ಖಡ್ಗಮೃಗವನ್ನು ಹಾಕಿಸಿದ್ದು ಕ್ವಾಡ್ರಾನ್ಸ್ ಎಂಬ ಚಿಲ್ಲರೆ ಕಾಸಿನ ಮೇಲೆ. ರೋಮಿನ ಹಣದಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಕಾಸು ಇರಲಿಲ್ಲ ಎನ್ನಬಹುದು. ಹೊಸದಾಗಿ ಕಂಡ ದೈತ್ಯ ಪ್ರಾಣಿಯ ಸುದ್ದಿ ಎಲ್ಲರ ಕೈಗೂ ತಲುಪಬೇಕಿದ್ದರೆ ಅದು ಚಿನ್ನದ ಮೇಲಲ್ಲ, ಇಂಥ ಚಿಲ್ಲರೆಯ ಮೇಲೆ ಇರಬೇಕು.

ಸಂಗ್ರಾಹಕರಿಗೆ ಅತಿ ಪ್ರಿಯವಾದ ಸಾಲು ಕ್ರಿ.ಶ. 248ರದು. ರೋಮ್ ನಗರ ಹುಟ್ಟಿ ಸಾವಿರ ವರ್ಷವಾಯಿತೆಂದು ಚಕ್ರವರ್ತಿ ಫಿಲಿಪ್ ದೊಡ್ಡ ಉತ್ಸವ ನಡೆಸಿದ. ಅದರ ನೆನಪಿನ ನಾಣ್ಯಗಳಲ್ಲಿ ಸಿಂಹ, ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಆಡು, ನೀರಾನೆ, ಕಡವೆಯಂಥ ಕೊಂಬಿನ ಜಿಂಕೆ, ಹುಲ್ಲೆ ಎಲ್ಲ ಇವೆ. ನೀರಾನೆ ಇರುವುದು ರಾಣಿ ಒಟಾಸಿಲಿಯಾಳ ಹೆಸರಿನ ನಾಣ್ಯದ ಮೇಲೆ. ಟಂಕಸಾಲೆಯ ಆರು ಕಮ್ಮಟಗಳಿಗೆ ಆರು ಪ್ರಾಣಿ. ಯಾವುದು ಎಲ್ಲಿ ಅಚ್ಚಾಯಿತೆಂದು ತಿಳಿಯಲು ಒಂದರಿಂದ ಆರರವರೆಗೆ ರೋಮನ್ ಅಂಕಿ ಒತ್ತಿದರು. ಆರನ್ನೂ ಕೂಡಿಸುವುದು ಅಲ್ಲಿನ ಹವ್ಯಾಸಿಗಳ ಮೊದಲ ಗುರಿ. ಇಪ್ಪತ್ತು ವರ್ಷದ ನಂತರ ಗ್ಯಾಲಿಯೆನಸ್ ಎಂಬ ಚಕ್ರವರ್ತಿ ಇನ್ನೂ ಮುಂದೆ ಹೋದ. ರಾಜ್ಯ ಒಡೆದು ಚೂರಾಗುತ್ತಿದ್ದ ಕಾಲವದು. ಕಾಪಾಡಿ ಎಂದು ಒಂದೊಂದು ದೇವತೆಯನ್ನೂ ಬೇಡಿ, ಆ ದೇವತೆಯ ಪ್ರಾಣಿಯನ್ನು ನಾಣ್ಯಕ್ಕೆ ಹಾಕಿಸಿದ. ಡಯಾನಾಳಿಗೆ ಜಿಂಕೆ, ಲಿಬರ್‌ಗೆ ಚಿರತೆ, ಸೂರ್ಯನಿಗೆ ರೆಕ್ಕೆಯ ಕುದುರೆ. ಬೆಳ್ಳಿ ಅಷ್ಟರಲ್ಲಿ ಮುಗಿದುಹೋಗಿತ್ತು. ತಾಮ್ರಕ್ಕೆ ಬೆಳ್ಳಿಯ ತೆಳು ಲೇಪ ಕೊಟ್ಟ ಆ ನಾಣ್ಯಗಳು ಯುರೋಪಿನಲ್ಲಿ ಇಂದಿಗೂ ಹೇರಳವಾಗಿ ಸಿಗುತ್ತವೆ.

ಇವುಗಳಲ್ಲಿ ಯಾವುದಾದರೂ ಕನ್ನಡ ನಾಡಿಗೆ ಬಂದಿತ್ತೇ? ರೋಮಿನ ನಾಣ್ಯಗಳಂತೂ ಬಂದಿದ್ದವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ಬೆಳ್ಳಿ ದಿನಾರಿಯಸ್‌ಗಳಿದ್ದ ಒಂದು ಗಂಟು ಸಿಕ್ಕಿತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ಬಂದಿದೆ. ಆದರೆ ಸೀಸರನ ಆನೆಯಾಗಲಿ ಡೊಮಿಷಿಯನ್‌ನ ಖಡ್ಗಮೃಗವಾಗಲಿ ಹಡಗು ಹತ್ತಿ ಬಂದ ಹಣದ ಮುಖ್ಯ ಪಾಲಲ್ಲ. ಭಾರತಕ್ಕೆ ಬಂದ ದಿನಾರಿಯಸ್‌ಗಳಲ್ಲಿ ಬಹುಪಾಲು ಎರಡೇ ಬಗೆ. ಆಗಸ್ಟಸ್‌ನ ಮೊಮ್ಮಕ್ಕಳಾದ ಗೈಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತಿರುವುದು ಒಂದು. ಟೈಬೀರಿಯಸ್‌ನ ನಾಣ್ಯದಲ್ಲಿ ಹೆಣ್ಣೊಬ್ಬಳು ಪೀಠದ ಮೇಲೆ ಕುಳಿತಿರುವುದು ಇನ್ನೊಂದು. ಮೆಣಸು, ಬಟ್ಟೆ ಮಾರಿದ ವ್ಯಾಪಾರಿಗೆ ಬೇಕಿದ್ದದ್ದು ಬೆಳ್ಳಿಯ ಶುದ್ಧತೆ. ಚಿತ್ರ ಯಾವುದೆಂದು ಅವನು ಕೇಳಲಿಲ್ಲ. ಭಾರತದಲ್ಲಿ ಸಿಕ್ಕ ಎಷ್ಟೋ ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಉಳಿಯ ಗೀರು ಎಳೆದಿರುವುದೂ ಅವು ಇಲ್ಲಿ ಬರಿಯ ಲೋಹವಾಗಿ ಚಲಾವಣೆಯಾದವು ಎಂಬುದನ್ನೇ ಸೂಚಿಸುತ್ತದೆ.

ಚಂದ್ರವಳ್ಳಿಯಲ್ಲಿ ಪ್ರಾಣಿಗಳ ನಾಣ್ಯ ಬೇಕಾದವನು ರೋಮಿನ ಬೆಳ್ಳಿಯನ್ನು ಬಿಟ್ಟು ಅದೇ ನೆಲದ ಸೀಸದ ನಾಣ್ಯಗಳನ್ನು ನೋಡಬೇಕು. ಸದಕಣ ಕಳಲಾಯ ಮಹಾರಥಿ ಎಂಬ ಸ್ಥಳೀಯ ಅಧಿಪತಿಯ ಹೆಸರಿರುವ ದಪ್ಪ ಸೀಸದ ಬಿಲ್ಲೆಗಳ ಮೇಲೆ ಒಂದು ಎತ್ತು ಇದೆ. ಎತ್ತಿದ ಡುಬ್ಬ, ಅಗಲವಾದ ಮೈ, ನೆಟ್ಟ ಕಾಲು. ಹಿಮ್ಮುಖದಲ್ಲಿ ಕಟಕಟೆಯೊಳಗಿನ ಮರ, ಕಮಾನುಗಳ ಬೆಟ್ಟ. ಚಕ್ರವರ್ತಿಯ ಆಟಕ್ಕೆ ಹಿಡಿದು ತಂದ ವಿದೇಶೀ ಪ್ರಾಣಿ ಅದಲ್ಲ. ಆ ಸೀಸದ ನಾಣ್ಯ ಕೈಗೆ ಬಂದ ರೈತನ ಕೊಟ್ಟಿಗೆಯಲ್ಲೂ ಅಂಥದೊಂದು ಕಟ್ಟಿತ್ತು. ರೋಮಿಗೂ ನಮಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಂದಲೇ ಶುರುವಾಗುತ್ತದೆ: ಅಲ್ಲಿ ನಾಣ್ಯದ ಪ್ರಾಣಿ ಬಹಳ ಸಲ ನೋಡಲು ಬಂದ ಅತಿಥಿ, ಇಲ್ಲಿ ಜೊತೆಗೆ ಬದುಕಿದ ಜೀವ.

ಮುಂದಿನ ಸಾವಿರಕ್ಕೂ ಹೆಚ್ಚು ವರ್ಷ ಕನ್ನಡದ ಅರಸರು ಪ್ರಾಣಿಗಳನ್ನು ನಾಣ್ಯದಿಂದ ಬಿಡಲಿಲ್ಲ. ಚಾಲುಕ್ಯರ ಲಾಂಛನವಾದ ವರಾಹ ಕೊನೆಗೆ ದಕ್ಷಿಣದ ಚಿನ್ನದ ನಾಣ್ಯಕ್ಕೇ ಹೆಸರಾಯಿತು. ತುಳುನಾಡಿನ ಆಳುಪರು ಎರಡು ಮೀನುಗಳನ್ನು ಹಾಕಿಸಿದರು. ತಲಕಾಡಿನ ಗಂಗರದೆಂದು ಬಗೆದ ಚಿನ್ನದ ಗಜಪತಿ ಪಗೋಡಗಳಲ್ಲಿ ಸಿಂಗರಿಸಿದ ಆನೆ ನಡೆಯುತ್ತದೆ, ಹಿಂದೆ ಬಳ್ಳಿಯ ಸುರುಳಿ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಿತ್ತುಕೊಂಡ ಸುದ್ದಿಯನ್ನು ತನ್ನ ಚಿನ್ನದ ಮೇಲೇ ಬರೆಸಿದ. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಅಕ್ಷರದಲ್ಲಿ ‘ಶ್ರೀ ತಳಕಾಡುಗೊಂಡ’. ಸೀಸರನ ಆನೆಯಂತೆ ಇದೂ ಗೆಲುವಿನ ಪ್ರಕಟಣೆಯೇ, ಆದರೆ ಇಲ್ಲಿ ಗೆದ್ದ ಊರಿನ ಹೆಸರನ್ನೇ ಕನ್ನಡದಲ್ಲಿ ಓದಬಹುದು. ವಿಜಯನಗರದ ಪ್ರೌಢದೇವರಾಯ ತಾಮ್ರದ ಕಾಸುಗಳಲ್ಲಿ ಆನೆಯನ್ನು ತಂದ. ಅಚ್ಯುತದೇವರಾಯನ ಚಿನ್ನದಲ್ಲಿ ಗಂಡಭೇರುಂಡ ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಎತ್ತಿ ಹಿಡಿದಿದೆ. ಆ ಎರಡು ತಲೆಯ ಹಕ್ಕಿ ಮುಂದೆ ಮೈಸೂರು ಸಂಸ್ಥಾನದ ಲಾಂಛನವಾಗಿ, ಈಗಲೂ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ.

ಇವುಗಳಲ್ಲಿ ಬಹುಪಾಲು ಚಿನ್ನ. ಸಾಮಾನ್ಯ ಸಂಬಳದ ಹವ್ಯಾಸಿಯ ಕೈಗೆ ಬರುವಂಥವಲ್ಲ. ಮೈಸೂರು ಸೀಮೆಯ ಆನೆ ಕಾಸು ಹಾಗಲ್ಲ. ಅದು ಸಂತೆಯಲ್ಲಿ ಸೊಪ್ಪು, ಎಣ್ಣೆ, ಉಪ್ಪು ಕೊಂಡ ತಾಮ್ರ. ಹಳೆಯ ಮೈಸೂರಿನ ಎಷ್ಟೋ ಮನೆಗಳ ದೇವರ ಗೂಡಿನಲ್ಲಿ, ಅಜ್ಜಿಯ ಸಂದೂಕದಲ್ಲಿ ಇಂದಿಗೂ ಒಂದೆರಡು ಉಳಿದಿರುತ್ತವೆ.

ಒಡೆಯರ ಕಾಲದ ಆನೆ ಕಾಸುಗಳು ಚಿಕ್ಕವು, ದಪ್ಪ, ಅಂಚು ಸೊಟ್ಟ. ಒಂದು ಕಡೆ ಆನೆ, ಅದರ ಮೇಲೆ ಸೂರ್ಯ ಚಂದ್ರ. ಕೆಲವುಗಳ ಹಿಂಬದಿಗೆ ಅಡ್ಡ ಉದ್ದ ಗೆರೆಗಳ ಚೌಕುಳಿ. ಇನ್ನು ಕೆಲವುಗಳ ಹಿಂಬದಿಯಲ್ಲಿ ಕನ್ನಡ ಅಂಕಿ ಮಾತ್ರ: ೧, ೨, ೩ ಹೀಗೆ ಮೂವತ್ತರ ಆಚೆ ಈಚೆ ತನಕ. ಫಿಲಿಪ್ ಚಕ್ರವರ್ತಿಯ ಆರು ಪ್ರಾಣಿಗಳನ್ನು ಕೂಡಿಸುವ ಯುರೋಪಿನ ಹವ್ಯಾಸಿಯ ಹಂಬಲವೇ ಇಲ್ಲಿ ಈ ಅಂಕಿ ಸಾಲನ್ನು ತುಂಬಿಸುವ ಸಂಗ್ರಾಹಕನಿಗೂ ಇರುತ್ತದೆ. ಈ ಸಾಲಿಗೆ ರೋಮಿನ ಸಾಲಿಗಿಂತ ಹೆಚ್ಚು ತಾಳ್ಮೆ ಬೇಕು, ಏಕೆಂದರೆ ಅಚ್ಚು ಬಿಲ್ಲೆಗಿಂತ ದೊಡ್ಡದು. ಆನೆಯ ತಲೆ ಬಿದ್ದರೆ ಬಾಲ ಹೊರಗೆ ಉಳಿಯುತ್ತದೆ. ಎರಡೂ ಪೂರ್ತಿ ಬಿದ್ದ ಕಾಸು ಸಿಕ್ಕುವುದು ಅಪರೂಪ.

1761ರಲ್ಲಿ ಮೈಸೂರಿನ ಅಧಿಕಾರ ಹೈದರ್ ಅಲಿಯ ಕೈಗೆ ಬಂತು. ಅವನು ಹಳೆಯ ನಾಣ್ಯಗಳನ್ನು ಕೆಡಿಸಲು ಹೋಗಲಿಲ್ಲ. 1763ರಲ್ಲಿ ಬಿದನೂರು ಗೆದ್ದ ಮೇಲೆ ಇಕ್ಕೇರಿಯ ಚಿನ್ನದ ವರಹದಲ್ಲಿದ್ದ ಶಿವಪಾರ್ವತಿಯರನ್ನು ಹಾಗೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿದ. ಬಹಾದೂರಿ ವರಹ ಎಂದು ಅದು ಹೆಸರಾಯಿತು. ಆಳ್ವಿಕೆಯ ಕೊನೆಯ ಒಂದೆರಡು ವರ್ಷಗಳಲ್ಲಿ ಶ್ರೀರಂಗಪಟ್ಟಣದ ಟಂಕಸಾಲೆಯಿಂದ ತಾಮ್ರದ ಕಾಸು ಹೊರಟಾಗ ಅದರ ಮೇಲೂ ಆನೆ ಇತ್ತು. 1782ರ ಕೊನೆಯಲ್ಲಿ ಅವನು ತೀರಿಕೊಂಡ, ಮಗ ಬಂದ.

ಟಿಪ್ಪು ಮುಟ್ಟದೆ ಬಿಟ್ಟದ್ದು ಕಡಿಮೆ. ತೂಕ, ಅಳತೆ, ತಿಂಗಳ ಹೆಸರು, ಊರುಗಳ ಹೆಸರು, ವರ್ಷದ ಎಣಿಕೆ ಎಲ್ಲವನ್ನೂ ಬದಲಿಸಿದ. ನಾಣ್ಯಗಳ ಹೆಸರಂತೂ ಒಂದು ಹೊಸ ಲೋಕ. ಚಿನ್ನಕ್ಕೆ ಅಹಮದಿ, ಸಿದ್ದೀಕಿ, ಫಾರೂಕಿ. ಬೆಳ್ಳಿಗೆ ಹೈದರಿ, ಇಮಾಮಿ, ಆಬಿದಿ. ತಾಮ್ರಕ್ಕೆ ಬಂದಾಗ ಅವನ ಕಣ್ಣು ಆಕಾಶಕ್ಕೆ ಹೋಯಿತು. ಇಪ್ಪತ್ತು ಕಾಸಿನ ಪೈಸೆ ಜೊಹ್ರಾ, ಅಂದರೆ ಶುಕ್ರ. ಅದರ ಅರ್ಧ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಎರಡೂವರೆ ಕಾಸಿನ ಅತಿ ಚಿಕ್ಕ ಬಿಲ್ಲೆ ಕುತುಬ್, ಧ್ರುವ. ಎರಡು ಪೈಸೆಯ ದೊಡ್ಡ ಕಾಸು ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ, ಗುರುಗ್ರಹ. ಚಿನ್ನ ಬೆಳ್ಳಿಗಳ ಮೇಲೆ ಅಕ್ಷರ ಮಾತ್ರ. ಶುಕ್ರ, ಮಂಗಳ, ಧ್ರುವರ ಹೆಸರು ಹೊತ್ತ ತಾಮ್ರದ ಮೇಲೆ ಮಾತ್ರ ಆನೆ ನಿಂತಿತು.

ಈ ಆನೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಟಿಪ್ಪು ಎಂದರೆ ಎಲ್ಲರಿಗೂ ನೆನಪಾಗುವುದು ಹುಲಿ. ಸಿಂಹಾಸನಕ್ಕೆ ಚಿನ್ನದ ಹುಲಿ ತಲೆ, ಸಿಪಾಯಿಗಳ ಬಟ್ಟೆಯ ಮೇಲೆ ಹುಲಿ ಪಟ್ಟೆ, ಫಿರಂಗಿಗಳ ಬಾಯಿಯಲ್ಲಿ ಹುಲಿ. ಇಂಗ್ಲಿಷ್ ಸೈನಿಕನನ್ನು ಕೆಡವಿಕೊಂಡು ಗರ್ಜಿಸುವ ಮರದ ಹುಲಿಯಂತೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇದೆ. ಇಷ್ಟು ಹುಲಿ ಪ್ರೀತಿಯ ದೊರೆ ತನ್ನ ಪ್ರಜೆಗಳ ಕೈಗೆ ದಿನನಿತ್ಯ ಕೊಟ್ಟ ಕಾಸಿನ ಗುರುತಾಗಿ ಆನೆಯನ್ನೇ ಇಟ್ಟುಕೊಂಡ. ಹುಲಿ ಅವನ ಸ್ವಂತ ಗುರುತು, ಆನೆ ಮೈಸೂರಿನದು. ಒಡೆಯರ ಕಾಲದಿಂದ ಸಂತೆಯಲ್ಲಿ ನಂಬಿಕೆ ಗಳಿಸಿದ್ದ ಚಿತ್ರವನ್ನು ತೆಗೆದರೆ ಆ ನಂಬಿಕೆಯೂ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು ಎಂದೇ ತೋರುತ್ತದೆ. ಎಲ್ಲವನ್ನೂ ಬದಲಿಸಿದವನು ಇದೊಂದನ್ನು ಬದಲಿಸದೆ ಬಿಟ್ಟದ್ದು ಆ ಆನೆಗೆ ಸಂದ ದೊಡ್ಡ ಗೌರವ.

ಅವನ ಕೈಯಲ್ಲಿ ಆನೆ ಬೆಳೆಯಿತು ಕೂಡ. ಹಳೆಯ ಕಾಸಿನ ಒರಟು ಆನೆಯ ಜಾಗದಲ್ಲಿ ಕಸುಬು ಬಲ್ಲ ಅಚ್ಚುಗಾರನ ಕೈಚಳಕ ಬಂತು. ಬೆನ್ನ ಮೇಲೆ ಜೂಲು, ಮಡಿಸಿದ ಅಥವಾ ಎತ್ತಿದ ಸೊಂಡಿಲು, ಬಾಲದ ತುದಿಯ ಕುಚ್ಚು. ದೊಡ್ಡ ಉಸ್ಮಾನಿಯ ಆನೆಗೆ ಬಾವುಟವೂ ಇದೆ. ಕೆಲವು ಎಡಕ್ಕೆ ನಡೆದರೆ ಕೆಲವು ಬಲಕ್ಕೆ. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಆನೆಗೂ ನಗರ, ಅಂದರೆ ಬಿದನೂರಿನ ಆನೆಗೂ ಗುತ್ತಿಯ ಆನೆಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿದೆ. ಕಣ್ಣು ಪಳಗಿದವರು ಹಿಂಬದಿಯ ಅಕ್ಷರ ಸವೆದಿದ್ದರೂ ಊರನ್ನು ಊಹಿಸುತ್ತಾರೆ. ಬೆಂಗಳೂರು, ಕಲ್ಲಿಕೋಟೆಗಳಲ್ಲೂ ಟಂಕಸಾಲೆ ಇತ್ತು. ಚಿತ್ರದುರ್ಗ ನಾಣ್ಯದ ಮೇಲೆ ಫರ್ರುಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು, ಧಾರವಾಡ ಖುರ್ಷಿದ್ ಸವಾದ್ ಆಯಿತು.

ಹೊಸಬರು ತಡವರಿಸುವುದು ವರ್ಷದ ವಿಷಯದಲ್ಲಿ. ಮೊದಲ ಕೆಲವು ವರ್ಷ ಟಿಪ್ಪು ಹಿಜರಿ ಎಣಿಕೆ ಬಳಸಿದ: 1197, 1198 ಹೀಗೆ 1201ರವರೆಗೆ. 1787ರಲ್ಲಿ ಅದನ್ನು ಬಿಟ್ಟು, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆ ತಂದ. ನಾಣ್ಯದ ವರ್ಷ ಒಮ್ಮೆಲೇ 1215ಕ್ಕೆ ಜಿಗಿಯಿತು. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎಂಬುದು ಮಾಮೂಲಿನಂತೆ ಎಡದಿಂದ ಓದುವವನಿಗೆ 8121 ಎಂದು ಕಾಣುತ್ತದೆ. 1224ರಿಂದ ಕೊನೆಯ ವರ್ಷವಾದ 1227ರವರೆಗೆ ಪೈಸೆಗಳ ಮೇಲೆ ವರ್ಷಕ್ಕೊಂದರಂತೆ ಅಲಿಫ್, ಬೇ, ತೇ, ಸೇ ಅಕ್ಷರಗಳೂ ಬಂದವು. ಇಷ್ಟು ತಿಳಿದರೆ ಪಾರ್ಸಿ ಓದಲು ಬಾರದವರೂ ಒಂದು ಜೊಹ್ರಾವನ್ನು ಸರಿಯಾದ ವರ್ಷಕ್ಕೆ ಹಚ್ಚಬಹುದು. ಈ ಕೆಲಸಕ್ಕೆ ಮೊದಲ ದಾರಿ ಹಾಕಿಕೊಟ್ಟವರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯದ ಜೆ.ಆರ್. ಹೆಂಡರ್‌ಸನ್ ಮುಖ್ಯರು. ಹೈದರ್ ಮತ್ತು ಟಿಪ್ಪು ನಾಣ್ಯಗಳನ್ನು ಕುರಿತ ಅವರ ಪುಸ್ತಕ 1921ರಲ್ಲಿ ಬಂತು. ನೂರು ವರ್ಷ ದಾಟಿದರೂ ಸಂಗ್ರಾಹಕರು ಅದನ್ನು ಕೆಳಗಿಟ್ಟಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಕಲಿಸಿದ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಡೀ ಕರ್ನಾಟಕದ ನಾಣ್ಯಗಳನ್ನು ಒಂದು ಗ್ರಂಥದಲ್ಲಿ ತಂದರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು. ಹಿಂದಿನ ಆಳ್ವಿಕೆಯ ಗುರುತನ್ನು ಅಳಿಸಲು ಎಲ್ಲ ಕಾರಣವೂ ಇದ್ದ ಕಾಲ ಅದು. ಹೊಸ ತಾಮ್ರದ ಕಾಸು ಹೊರಬಂದಾಗ ಅದರ ಮೇಲೆ ಮತ್ತೆ ಆನೆಯೇ ಇತ್ತು. ಮೇಲೆ ಸೂರ್ಯ ಚಂದ್ರ ಮರಳಿ ಬಂದರು, ನಡುವೆ ಕನ್ನಡದ ‘ಶ್ರೀ’ ಬಂತು. ಹಿಂಬದಿಯಲ್ಲಿ ಪಟ್ಟಣದ ಬದಲು ‘ಮಹಿಸೂರು’. ಮುಂದಿನ ಕಾಸುಗಳಲ್ಲಿ ‘ಶ್ರೀ ಚಾಮುಂಡಿ’ ಎಂದೂ ‘ಮಯಿಲಿ ಕಾಸು ೨೦’ ಎಂದೂ ಕನ್ನಡದಲ್ಲಿ, ಬೆಲೆ ಇಂಗ್ಲಿಷಿನಲ್ಲಿ, ಟಂಕಸಾಲೆ ಪಾರ್ಸಿಯಲ್ಲಿ. ಒಂದು ಹೆಬ್ಬೆರಳಗಲದ ತಾಮ್ರದಲ್ಲಿ ಮೂರು ಲಿಪಿ, ಮೂರು ಅಧಿಕಾರ. ನಾಲ್ಕು ಆಳ್ವಿಕೆ ಕಳೆದರೂ ಆ ಆನೆ ತನ್ನ ಜಾಗ ಬಿಟ್ಟಿರಲಿಲ್ಲ.

ಆನೆ ಕಾಸಿನಿಂದ ಇಳಿದದ್ದು 1830ರ ದಶಕದಲ್ಲಿ. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು, ಟಂಕಸಾಲೆ ಬೆಂಗಳೂರಿಗೆ ಹೋಯಿತು. ಆನೆಯ ಜಾಗಕ್ಕೆ ಸಿಂಹ ಬಂತು. ಚಾಮುಂಡಿಯ ವಾಹನವೆಂದರೂ ಸರಿ, ಹಳೆಯ ಶಾರ್ದೂಲವೆಂದರೂ ಸರಿ, ಚಂದವಾದ ಸಿಂಹ. ಕೃಷ್ಣರಾಜರ ಹೆಸರೂ ಕನ್ನಡದಲ್ಲೇ ಇತ್ತು. ಆದರೆ 1843ಕ್ಕೆ ಆ ಟಂಕಸಾಲೆಯೂ ಮುಚ್ಚಿ, ಮೈಸೂರಿನ ಸ್ವಂತ ನಾಣ್ಯದ ಕಥೆ ಮುಗಿಯಿತು. ಸಿಂಹದ ಕಾಸುಗಳಲ್ಲಿ ಇಂಗ್ಲಿಷ್ ಅಂಕಿಯ ವರ್ಷ ಸ್ಪಷ್ಟವಾಗಿರುವುದರಿಂದ ಹೊಸ ಹವ್ಯಾಸಿಗೆ ಅವು ಸುಲಭದ ಮೆಟ್ಟಿಲು.

ಇನ್ನೂ ಸುಲಭದ ಮೆಟ್ಟಿಲು ಬೇಕೆಂದರೆ ಸ್ವತಂತ್ರ ಭಾರತದ ಚಿಲ್ಲರೆ ಇದೆ. 1950ರ ಒಂದು ಪೈಸೆಯ ಓಡುವ ಕುದುರೆ, ಅದೇ ಕಾಲದ ಅರ್ಧ ಆಣೆ, ಒಂದಾಣೆ, ಎರಡಾಣೆಗಳ ಗೂಳಿ, 1988ರಿಂದ ಬಂದ ಇಪ್ಪತ್ತೈದು ಪೈಸೆಯ ಖಡ್ಗಮೃಗ. ಶಾಲೆಯ ಮಕ್ಕಳು ಹತ್ತಾರು ರೂಪಾಯಿಗೆ ಶುರು ಮಾಡಬಹುದಾದ ಸಾಲು. ಅದರ ಹಿಂದಿನ 1911ರ ಐದನೇ ಜಾರ್ಜ್ ರೂಪಾಯಿಗೆ ಬೇರೆಯೇ ಕಥೆ. ದೊರೆಯ ನಿಲುವಂಗಿಯ ಸರದಲ್ಲಿ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಮೊಂಡಾಗಿ ಅದು ಹಂದಿಯಂತೆ ಕಂಡಿತು. ಜನ ರೊಚ್ಚಿಗೆದ್ದರು. ಬಹುಪಾಲನ್ನು ವಾಪಸು ಕರಗಿಸಿ, 1912ರಲ್ಲಿ ಸೊಂಡಿಲು ಉದ್ದ ಮಾಡಿ ಹೊಸದಾಗಿ ಅಚ್ಚು ಹಾಕಬೇಕಾಯಿತು. ನಾಣ್ಯದ ಮೇಲಿನ ಪ್ರಾಣಿಯನ್ನು ಜನ ಎಷ್ಟು ಗಮನವಿಟ್ಟು ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಕೊಳ್ಳುವ ಮಾತು. ಶ್ರೀರಂಗಪಟ್ಟಣದಲ್ಲಿ ಗುಂಬಜ್, ದರಿಯಾ ದೌಲತ್‌ಗಳ ಸುತ್ತ ಪ್ರವಾಸಿಗರ ಮುಂದೆ ಅಂಗೈ ಬಿಚ್ಚಿ ‘ಟಿಪ್ಪು ಕಾಯಿನ್’ ತೋರಿಸುವವರು ಇದ್ದೇ ಇರುತ್ತಾರೆ. ಅದರಲ್ಲಿ ನಿಜವಾದದ್ದೂ ಇರಬಹುದು, ನಿನ್ನೆ ಎರಕ ಹೊಯ್ದದ್ದೂ ಇರಬಹುದು. ಎರಡನ್ನೂ ಬೇರೆ ಮಾಡುವುದು ಕಷ್ಟದ ವಿದ್ಯೆಯಲ್ಲ. ಹಳೆಯ ಕಾಸು ಎರಡು ಅಚ್ಚುಗಳ ನಡುವೆ ಸುತ್ತಿಗೆಯ ಏಟು ತಿಂದದ್ದು. ಅದರ ಗೆರೆಗಳು ಚೂಪಾಗಿರುತ್ತವೆ, ಏಟು ವಾಲಿದ ಕಡೆ ಚಿತ್ರ ಮಾಸುತ್ತದೆ, ಅಂಚು ಒಂದೇ ಸಮ ಇರುವುದಿಲ್ಲ. ಎರಕದ ನಕಲಿಗೆ ಮೈಯೆಲ್ಲ ಸಣ್ಣ ಗುಳ್ಳೆ, ಅಂಚಿನ ಸುತ್ತ ಕೂಡುಗೆರೆ, ಆನೆಯ ಕಣ್ಣು ಸೊಂಡಿಲು ಸಾಬೂನಿನಂತೆ ನುಣುಪು. ಒಬ್ಬನೇ ಮಾರಾಟಗಾರನ ಬಳಿ ಒಂದೇ ಜಾಗದಲ್ಲಿ ಒಂದೇ ಗೀರಿರುವ ಎರಡು ಕಾಸು ಕಂಡರೆ ಎರಡೂ ನಕಲಿ. ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಜೇಬಿನಲ್ಲಿರುವುದು ಒಳ್ಳೆಯದು. ಜೊಹ್ರಾ ಸುಮಾರು 11 ಗ್ರಾಂ, ಉಸ್ಮಾನಿ ಅದರ ಎರಡರಷ್ಟು ತೂಗಬೇಕು. ತೀರ ಹಗುರವಾದರೆ ಅನುಮಾನಿಸಿ.

ನಕಲಿಗಿಂತ ಹೆಚ್ಚು ನಾಣ್ಯಗಳನ್ನು ಹಾಳುಮಾಡಿದ್ದು ಹುಣಸೆಹಣ್ಣು. ತಾಮ್ರದ ಚೊಂಬನ್ನು ಹುಣಸೆಹುಳಿ ಹಾಕಿ ಬೆಳಗುವ ಮನೆಗಳಲ್ಲಿ ಹಳೆಯ ಕಾಸು ಕಂಡ ತಕ್ಷಣ ಅದನ್ನೂ ಉಜ್ಜಿಬಿಡುತ್ತಾರೆ. ಎರಡು ಶತಮಾನ ತಾಮ್ರದ ಮೇಲೆ ತಾನಾಗಿ ಕೂತ ಕಂದು ಪದರ ಅದರ ಚರ್ಮ. ಹುಳಿ ಅದನ್ನು ಸುಲಿದುಹಾಕುತ್ತದೆ. ಆ ಕ್ಷಣಕ್ಕೆ ಕಾಸು ಹೊಳೆಯುತ್ತದೆ, ಆದರೆ ಆನೆಯ ಜೂಲಿನ ಸಣ್ಣ ಗೆರೆಗಳು ಹೋದವು ಹೋದವೇ. ಮಣ್ಣಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ ಮೆತ್ತನೆಯ ಕುಂಚದಿಂದ ತೆಗೆಯಬೇಕು, ಅಷ್ಟೇ. ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂಗಳೂ ತಾಮ್ರಕ್ಕೆ ಶತ್ರು. ಕೆಲವೇ ವರ್ಷಗಳಲ್ಲಿ ಹಸಿರು ಜಿಗುಟು ಹತ್ತುತ್ತದೆ. ಆಮ್ಲವಿಲ್ಲದ ಕಾಗದದ ಚಿಕ್ಕ ಲಕೋಟೆ ಸಾಕು.

ಆ ಲಕೋಟೆಯ ಮೇಲೆ ಏನು ಬರೆಯುತ್ತಾರೆ ಎಂಬುದು ನಾಣ್ಯದಷ್ಟೇ ಮುಖ್ಯ. ಮತ್ತೆ ಚಂದ್ರವಳ್ಳಿಗೆ ಹೋಗಿ ನೋಡಬಹುದು. ಅಲ್ಲಿ 1909ರ ಸುಮಾರಿಗೆ ಆರ್. ನರಸಿಂಹಾಚಾರ್, 1929ರ ಹೊತ್ತಿಗೆ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಅವರಿಗೆ ಮಣ್ಣಿನ ಪದರದೊಳಗೆ ಇದ್ದಲ್ಲೇ ಟೈಬೀರಿಯಸ್‌ನ ಒಂದು ದಿನಾರಿಯಸ್ ಸಿಕ್ಕಿತು. ಆ ಒಂದೇ ನಾಣ್ಯ ಸುತ್ತಲಿನ ಮಡಕೆ ಚೂರುಗಳಿಗೆ, ಸಾತವಾಹನರ ಕಾಲದ ಬದುಕಿಗೆ, ಅಲ್ಲಿಂದ ಅವರೇ ಅಗೆದ ಬ್ರಹ್ಮಗಿರಿಯ ಪದರಗಳಿಗೆ ಕಾಲ ನಿಗದಿ ಮಾಡಲು ಆಧಾರವಾಯಿತು. ಅದೇ ನಾಣ್ಯ ಯಾರದೋ ಕೈಗೆ ಸಿಕ್ಕಿ, ಚಿನಿವಾರಪೇಟೆಯ ತಟ್ಟೆಗೆ ಬಂದು, ಯಾವುದೋ ಆಲ್ಬಂ ಸೇರಿದ್ದರೆ ಸುಮಾರು ನಾಲ್ಕು ಗ್ರಾಂ ಬೆಳ್ಳಿಯಾಗಿ ಉಳಿಯುತ್ತಿತ್ತು. ಸಿಕ್ಕ ಊರು ಯಾವುದು, ಹೊಲವೋ ಗೋಡೆಯೋ, ಜೊತೆಗೆ ಏನಿತ್ತು ಎಂಬ ಎರಡು ಸಾಲು ಇಲ್ಲದ ನಾಣ್ಯ ಅರ್ಧ ಮೂಕ.

ಈ ಮಾತು ಆನೆ ಕಾಸಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಗ್ಗದ್ದೆಂಬ ಕಾರಣಕ್ಕೆ ಅದರ ಸಿಕ್ಕ ಜಾಗವನ್ನು ಯಾರೂ ಬರೆದಿಡಲಿಲ್ಲ. ಕೊಡದ ತೂತಿಗೆ ಬೇಕಾದ ತಾಮ್ರವಾಗಿ ಕಂಚುಗಾರರ ಕುಲುಮೆಗೂ ಹೋಯಿತು. ಪಟ್ಟಣದ ಜೊಹ್ರಾ ಎಲ್ಲಿಯವರೆಗೆ ಹೋಯಿತು, ನಗರದ ಕಾಸು ಚಾಮರಾಜನಗರದ ಸಂತೆಯಲ್ಲಿ ನಡೆಯುತ್ತಿತ್ತೇ, ಒಡೆಯರ ಅಂಕಿ ಕಾಸು ಟಿಪ್ಪುವಿನ ಕಾಲದಲ್ಲೂ ಬಳಕೆಯಲ್ಲಿತ್ತೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಬರುವುದು ಅರಮನೆಯ ದಾಖಲೆಗಳಿಂದಲ್ಲ. ಹಳ್ಳಿಗಳಲ್ಲಿ ಸಿಕ್ಕ ಕಾಸುಗಳ ಪಟ್ಟಿಯಿಂದ. ಅಂಥ ಪಟ್ಟಿ ಮಾಡುವ ಕೆಲಸ ಮೈಸೂರು, ಮಂಡ್ಯ, ಚಾಮರಾಜನಗರದ ಶಾಲಾ ಮೇಷ್ಟರಿಂದ, ಕಾಲೇಜು ವಿದ್ಯಾರ್ಥಿಗಳಿಂದ, ಹವ್ಯಾಸಿ ಸಂಗ್ರಾಹಕರಿಂದ ಆಗಬಹುದಾದದ್ದು. ಅದಕ್ಕೆ ಬೇಕಾದ್ದು ಒಂದು ನೋಟುಪುಸ್ತಕ, ಒಂದು ತಕ್ಕಡಿ, ಮೊಬೈಲಿನ ಕ್ಯಾಮೆರಾ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಮನೆಯ ಹಳೆಯ ಡಬ್ಬಿಯಲ್ಲಿ ಆನೆ ಕಾಸು ಇದ್ದರೆ ಅದನ್ನು ಉಜ್ಜಬೇಡಿ. ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಬಳಿ ಎರಡೂ ಮುಖಗಳ ಫೋಟೊ ತೆಗೆಯಿರಿ, ಅದು ಯಾವ ಊರಿನಿಂದ ಮನೆಗೆ ಬಂತು ಎಂದು ಹಿರಿಯರನ್ನು ಕೇಳಿ ಬರೆದಿಡಿ, ವಿಶ್ವವಿದ್ಯಾಲಯದ ಅಥವಾ ಪುರಾತತ್ತ್ವ ಇಲಾಖೆಯ ಬಲ್ಲವರಿಗೆ ತೋರಿಸಿ. ಮನೆಯಲ್ಲಿ ಉಳಿದು ಬಂದ ಕಾಸು ನಿಮ್ಮದೇ. ಹೊಲ ಉಳುವಾಗ, ಪಾಯ ತೆಗೆಯುವಾಗ ನೆಲದಿಂದ ಗಂಟು ಸಿಕ್ಕರೆ ಮಾತ್ರ ಹಾಗಲ್ಲ; ನಿಧಿ ಕಾಯ್ದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಯಾವ ನಾಣ್ಯವನ್ನೂ ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ ಎಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ.